ಆಟಗಾರರು ಕೆಡುಕಿನ ದಾರಿ ತುಳಿಯದಿದ್ದಾಗ: ಕಥಾಪ್ರಧಾನ ಗೇಮ್‌ಗಳಿಗೊಂದು ದೋಷ ನಿವಾರಣೆ ಕೈಪಿಡಿ

ದೋಷದ ಲಕ್ಷಣಗಳು

ಕಥೆಯನ್ನು ನೆಚ್ಚಿಕೊಂಡು ವಿಡಿಯೊ ಗೇಮ್ ಕಟ್ಟುವ ತಂಡಗಳಿಗೆ ಈ ದೋಷ ಹೊಸದಲ್ಲ. ಒಳ್ಳೆಯ ದಾರಿ, ಕೆಟ್ಟ ದಾರಿ ಎರಡನ್ನೂ ಅಷ್ಟೇ ಶ್ರಮ ಹಾಕಿ ಬರೆದು, ಸಂಭಾಷಣೆಗಳಿಗೆ ಧ್ವನಿ ಕೊಡಿಸಿ, ಪ್ರತಿ ಆಯ್ಕೆಯ ಪರಿಣಾಮವನ್ನೂ ಕೋಡಿಗೆ ಇಳಿಸಿ ಪ್ಲೇಟೆಸ್ಟಿಗೆ, ಅಂದರೆ ಬೇರೆಯವರಿಂದ ಆಡಿಸಿ ನೋಡುವ ಪರೀಕ್ಷೆಗೆ, ಕೂರಿಸಿದರೆ, ಆಡುವವರೆಲ್ಲ ಒಳ್ಳೆಯ ದಾರಿಯಲ್ಲೇ ನಡೆದು ಆಟ ಮುಗಿಸಿಬಿಡುತ್ತಾರೆ. ‘ಮಾಸ್ ಎಫೆಕ್ಟ್’ ಸರಣಿಯಲ್ಲಿ ಕೆಲಸ ಮಾಡಿದ್ದ ಒಬ್ಬ ವಿನ್ಯಾಸಕಾರರು 2020ರಲ್ಲಿ ಹೇಳಿಕೊಂಡಂತೆ, ಅದನ್ನು ಆಡಿದವರಲ್ಲಿ ಸುಮಾರು ಶೇ 92ರಷ್ಟು ಜನ ಸೌಜನ್ಯದ ‘ಪ್ಯಾರಗಾನ್’ ದಾರಿಯನ್ನೇ ಹಿಡಿದಿದ್ದರು. ಒರಟುತನದ ‘ರೆನಿಗೇಡ್’ ದಾರಿಗಾಗಿ ತಂಡ ಪಟ್ಟ ಶ್ರಮ ಬಹಳ ಜನರ ಕಣ್ಣಿಗೇ ಬೀಳಲಿಲ್ಲ.

ಯಾರೂ ಆರಿಸುವುದಿಲ್ಲ ಎಂಬುದು ಈ ದೋಷದ ಒಂದು ಮುಖ ಮಾತ್ರ. ಎರಡನೆಯ ಮುಖದಲ್ಲಿ ಆಟಗಾರರು ಕೆಟ್ಟದ್ದನ್ನು ಆರಿಸುತ್ತಾರೆ, ಏನಾಯಿತೆಂದು ನೋಡುತ್ತಾರೆ, ಕೂಡಲೇ ಹಿಂದಿನ ಸೇವ್ (ಮೊದಲೇ ಉಳಿಸಿಟ್ಟ ಆಟದ ಹಂತ) ತೆರೆದು ಒಳ್ಳೆಯ ದಾರಿಗೆ ಮರಳುತ್ತಾರೆ. ಮೂರನೆಯದರಲ್ಲಿ ಅವರು ಕೆಟ್ಟ ದಾರಿಯಲ್ಲೇ ಮುಂದುವರಿಯುತ್ತಾರೆ, ಆದರೆ ಎದುರಿಗೆ ಸಿಕ್ಕವರನ್ನೆಲ್ಲ ಕೊಲ್ಲುತ್ತ, ನಗುತ್ತ, ಮಾತುಗಳನ್ನು ಓದದೆಯೇ ಒತ್ತಿ ದಾಟುತ್ತ ಹೋಗುತ್ತಾರೆ. ಅವರ ಪಾಲಿಗೆ ಆ ಲೋಕದಲ್ಲಿ ಮನುಷ್ಯರೇ ಉಳಿದಿರುವುದಿಲ್ಲ. ನಾಲ್ಕನೆಯದರಲ್ಲಿ ಬೇರೆ ದಾರಿ ಕಾಣದೆ ಕೆಟ್ಟದ್ದನ್ನು ಮಾಡಿ ಮುಗಿಸಿ, ಆ ಸಿಟ್ಟನ್ನು ಆಟದ ಮೇಲೆಯೇ ತಿರುಗಿಸುತ್ತಾರೆ. ನಾಲ್ಕಕ್ಕೂ ಒಂದೇ ಮದ್ದು ಕೆಲಸ ಮಾಡುವುದಿಲ್ಲವಾದ್ದರಿಂದ, ನಿಮ್ಮ ಪರೀಕ್ಷೆಯಲ್ಲಿ ಕಂಡದ್ದು ಯಾವುದು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ದೋಷವಲ್ಲದ ಒಂದು ಸ್ಥಿತಿಯೂ ಇದೆ, ಅದನ್ನು ಕೆದಕಬಾರದು. ಆಯ್ಕೆಯ ಮುಂದೆ ಆಟಗಾರರು ಅರ್ಧ ನಿಮಿಷ ಸುಮ್ಮನೆ ಕುಳಿತು, ಕರ್ಸರನ್ನು ಕೆಟ್ಟದ್ದರ ಮೇಲೆ ಒಯ್ದು, ವಾಪಸು ತಂದು, ಕೊನೆಗೆ ಒಳ್ಳೆಯದನ್ನೇ ಒತ್ತಿದರೆ, ಅಲ್ಲಿ ಪ್ರಲೋಭನೆ ತನ್ನ ಕೆಲಸ ಮಾಡಿದೆ. ಎಣಿಕೆಯಲ್ಲಿ ಅದು ‘ಒಳ್ಳೆಯದು’ ಎಂದೇ ದಾಖಲಾಗುತ್ತದೆ. ಎಣಿಕೆಯೊಂದನ್ನೇ ನಂಬಿ ಕೆಟ್ಟ ಆಯ್ಕೆಯ ಬಹುಮಾನವನ್ನು ಹೆಚ್ಚಿಸಿದ ತಂಡಗಳು ಚೆನ್ನಾಗಿದ್ದ ದೃಶ್ಯಗಳನ್ನು ಕೈಯಾರೆ ಕೆಡಿಸಿಕೊಂಡಿವೆ.

ಮೊದಲ ಪರೀಕ್ಷೆ: ಕ್ರಿಯಾಪದದ ಕೊನೆಯನ್ನು ಕೇಳಿಸಿಕೊಳ್ಳಿ

ಪ್ಲೇಟೆಸ್ಟ್ ಮುಗಿದ ಕೂಡಲೇ, ಬೇರೆ ಯಾವ ಪ್ರಶ್ನೆಗೂ ಮುಂಚೆ, ‘ಅಲ್ಲಿ ಏನಾಯಿತು?’ ಎಂದಷ್ಟೇ ಕೇಳಿ ಸುಮ್ಮನಿರಿ. ‘ನೀವು ಯಾಕೆ ಹಾಗೆ ಮಾಡಿದಿರಿ?’ ಎಂದು ಕೇಳಬೇಡಿ. ಹಾಗೆ ಕೇಳಿದರೆ ಎದುರಿಗಿರುವವರು ಆರೋಪಿಯ ಹಾಗೆ ಸಮರ್ಥನೆ ಹುಡುಕಲು ತೊಡಗುತ್ತಾರೆ. ಕನ್ನಡದಲ್ಲಿ ಪರೀಕ್ಷೆ ನಡೆಸುವವರಿಗೆ ಇಲ್ಲಿ ಒಂದು ಅನುಕೂಲವಿದೆ. ನಾವು ಮಾತನಾಡುವಾಗ ‘ನಾನು’, ‘ಅವನು’ ಎಂಬ ಕರ್ತೃಪದಗಳನ್ನು ಎಷ್ಟೋ ಸಲ ಬಿಟ್ಟುಬಿಡುತ್ತೇವೆ, ಆದರೆ ಕ್ರಿಯಾಪದದ ಕೊನೆ ಅದನ್ನು ಹೇಳಿಯೇ ಹೇಳುತ್ತದೆ. ‘ಬಾಗಿಲು ಮುರಿದು ಒಳಗೆ ಹೋಗಿ ಅಕ್ಕಿ ಕದ್ದೆ’ ಎಂದವರಿಗೆ ಕಾರಣ ಸಿಕ್ಕಿದೆ. ‘ಕದ್ದ’ ಎಂದವರು ಪಾತ್ರವನ್ನು ಹೊರಗೆ ನಿಂತು ನೋಡುತ್ತಿದ್ದಾರೆ. ‘ಕದಿಯೋ ಹಾಗೆ ಮಾಡ್ತು’ ಎಂದವರು ಆಟವನ್ನು ದೂರುತ್ತಿದ್ದಾರೆ. ‘ಕದ್ದರೆ ಏನಾಗುತ್ತೆ ನೋಡೋಣ ಅಂದ್ಕೊಂಡೆ’ ಎಂಬುದು ಕುತೂಹಲ. ಅದೂ ಒಂದು ಪ್ರೇರಣೆಯೇ, ಆದರೆ ಅದರ ಆಯಸ್ಸು ಒಂದು ದೃಶ್ಯದಷ್ಟು, ಎರಡನೆಯ ಲಕ್ಷಣ ಹುಟ್ಟುವುದು ಬಹುತೇಕ ಇದರಿಂದಲೇ.

ಈ ಪರೀಕ್ಷೆಗೆ ಇಷ್ಟು ತೂಕ ಕೊಡುವುದಕ್ಕೆ ಕಾರಣವಿದೆ. ಇಲ್ಲಿಂದ ಮುಂದೆ ವಿವರಿಸುವ ದೋಷಗಳ ಬಹುಪಾಲು ಒಂದೇ ಬೇರಿನವು: ಕೆಡುಕಿಗೆ ಬೇಕಾದ ಕಾರಣವನ್ನು ನಾವು ಪಾತ್ರಕ್ಕೆ ಕೊಟ್ಟಿರುತ್ತೇವೆ, ಗುಂಡಿ ಒತ್ತುವ ಕೈಗೆ ಕೊಟ್ಟಿರುವುದಿಲ್ಲ.

ಕಾರಣ ಪಾತ್ರದ ಜೇಬಿನಲ್ಲಿ ಉಳಿದಿರುವುದು

ಅತ್ಯಂತ ಸಾಮಾನ್ಯವಾದ ದೋಷ ಇದು. ಆರಂಭದ ದೃಶ್ಯದಲ್ಲಿ ನಾಯಕನ ತಂದೆಯನ್ನು ಕೊಲ್ಲುತ್ತಾರೆ, ಹಳ್ಳಿಗೆ ಬೆಂಕಿ ಹಚ್ಚುತ್ತಾರೆ, ಹತ್ತು ವರ್ಷಗಳ ನಂತರ ಅವನು ಸೇಡಿನಿಂದ ಕುದಿಯುತ್ತಿದ್ದಾನೆ ಎಂದು ಬರೆಯುತ್ತೇವೆ. ಪಾತ್ರದ ಮಟ್ಟಿಗೆ ಕಾರಣ ಪೂರ್ತಿಯಾಯಿತು. ಆದರೆ ಆಟಗಾರರು ಆ ತಂದೆಯನ್ನು ಕಂಡದ್ದು ಎರಡೇ ನಿಮಿಷ, ಆ ಹಳ್ಳಿಯಲ್ಲಿ ಅವರು ಒಂದು ದಿನವೂ ಬಾಳಿಲ್ಲ. ಓದುಗರಿಗೆ, ಪ್ರೇಕ್ಷಕರಿಗೆ ಇಷ್ಟು ಸಾಕಾಗಬಹುದು, ಏಕೆಂದರೆ ಅವರು ಒಪ್ಪಿದರೆ ಸಾಕು. ಆಟಗಾರರು ಒಪ್ಪಿದ ಮೇಲೆ ಕೈಯೆತ್ತಿ ಮಾಡಲೂ ಬೇಕು.

ತಾಳಮದ್ದಲೆಯ ನೆನಪು ಇಲ್ಲಿ ಬರುವುದು ಸಹಜ. ಕೌರವನ ಅರ್ಥ ಹೇಳುವ ಒಳ್ಳೆಯ ಅರ್ಥಧಾರಿ ‘ನಾನು ದುಷ್ಟ’ ಎಂದು ಒಪ್ಪಿಕೊಂಡು ಮಾತಿಗೆ ತೊಡಗುವುದಿಲ್ಲ. ಹಿರಿಯನ ಮಗ ತಾನು, ರಾಜ್ಯ ತನಗೆ ಸಲ್ಲಬೇಕಾದದ್ದು ಎಂದು ವಾದ ಹೂಡಿ, ಸ್ವಲ್ಪ ಹೊತ್ತಿನ ಮಟ್ಟಿಗಾದರೂ ಸಭೆ ತಲೆದೂಗುವಂತೆ ಮಾಡುತ್ತಾನೆ. ಖಳನ ಮಾತು ಬರೆಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ಆದರೆ ಅದೇ ವಿದ್ಯೆಯನ್ನು ಗೇಮಿಗೆ ತಂದಾಗ ಅರ್ಧ ಮಾತ್ರ ಫಲಿಸುತ್ತದೆ. ಸಭೆ ತಲೆದೂಗಿ ಮನೆಗೆ ಹೋಗಬಹುದು, ಪಗಡೆಯ ದಾಳವನ್ನು ತಾನೇ ಉರುಳಿಸಬೇಕಾಗಿಲ್ಲ.

2008ರ ‘ಫಾಲೌಟ್ 3’ರಲ್ಲಿ ಬರುವ ಮೆಗಾಟನ್ ಊರಿನ ಪ್ರಸಂಗವನ್ನು ಈ ದೋಷದ ಮಾದರಿಯಾಗಿ ಇಟ್ಟುಕೊಂಡು ನೋಡಬಹುದು. ಅಣುಯುದ್ಧದಲ್ಲಿ ಬಿದ್ದು ಸಿಡಿಯದೆ ಉಳಿದ ಬಾಂಬೊಂದರ ಸುತ್ತ ಬೆಳೆದ ಊರು ಅದು. ಭೂಗತ ಆಶ್ರಯದಿಂದ ಓಡಿಹೋದ ತಂದೆಯನ್ನು ಹುಡುಕುತ್ತ ಹೊರಬಂದ ಆಟಗಾರರಿಗೆ ಅಲ್ಲಿನ ಪಡಖಾನೆಯಲ್ಲಿ ಬರ್ಕ್ ಎಂಬ ಅಪರಿಚಿತ ಸಿಕ್ಕಿ, ಆ ಬಾಂಬನ್ನು ಸಿಡಿಸಿಕೊಡು ಎನ್ನುತ್ತಾನೆ. ಅವನ ಧಣಿ ಟೆನ್‌ಪೆನ್ನಿಗೆ ತನ್ನ ಗೋಪುರದಿಂದ ನೋಡಿದಾಗ ಆ ಊರು ಕಣ್ಣಿಗೆ ಕಸದಂತೆ ಕಾಣುತ್ತದೆ ಎಂಬುದೇ ಕಾರಣ. ಪ್ರತಿಫಲವಾಗಿ ಆ ಲೋಕದ ನಾಣ್ಯವಾದ 500 ಕ್ಯಾಪ್‌ಗಳು ಮತ್ತು ಗೋಪುರದಲ್ಲಿ ಒಂದು ವಸತಿ ಸಿಗುತ್ತವೆ. ಬಾಂಬನ್ನು ನಿಷ್ಕ್ರಿಯಗೊಳಿಸಿದರೆ ಕಡಿಮೆ ಹಣ ಮತ್ತು ಅದೇ ಊರಿನಲ್ಲಿ ಒಂದು ಮನೆ. ತಂದೆಯನ್ನು ಹುಡುಕುತ್ತಿರುವ ಹತ್ತೊಂಬತ್ತರ ಹುಡುಗ ಅಥವಾ ಹುಡುಗಿ ಇಡೀ ಊರನ್ನು ಏಕೆ ಸುಡಬೇಕು ಎಂಬ ಪ್ರಶ್ನೆಗೆ ಆಟದಲ್ಲಿ ಉತ್ತರವಿಲ್ಲ. ಅಲ್ಲಿರುವ ಕಾರಣ ಟೆನ್‌ಪೆನ್ನಿಯದು, ಆಟಗಾರರದ್ದಲ್ಲ. ಆ ಗುಂಡಿಯನ್ನು ಒತ್ತಿದವರು ಇದ್ದೇ ಇದ್ದಾರೆ, ಆದರೆ ಸ್ಫೋಟ ಹೇಗೆ ಕಾಣುತ್ತದೆಂದು ನೋಡುವ ಆಸೆಯ ಹೊರತು ಬೇರೆ ಕಾರಣವನ್ನು ಆಟ ಅವರಿಗೆ ಒದಗಿಸಿರಲಿಲ್ಲ. ದೃಶ್ಯವಾಗಿ ಅದು ಮರೆಯಲಾಗದ್ದು; ಪ್ರೇರಣೆಯಾಗಿ ಪೊಳ್ಳು.

ನಮ್ಮದೇ ಒಂದು ಕರಡಿನಲ್ಲಿ ಕಂಡದ್ದು

ನಾವು ಮೂವರು ಸೇರಿ ಕೆರೆಯ ನೀರುಗಂಟಿಯ ಮೇಲೆ ಒಂದು ಪುಟ್ಟ ಗೇಮ್ ಯೋಚಿಸಿದ್ದೆವು. ತೂಬು ತೆರೆದು ಮುಚ್ಚಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಹಂಚಿ, ಸುಗ್ಗಿಯಲ್ಲಿ ಪ್ರತಿ ಕಣದಿಂದ ತನ್ನ ಪಾಲಿನ ಕಾಳು ಪಡೆಯುವವನು ನೀರುಗಂಟಿ. ಊರು ತನ್ನ ನ್ಯಾಯವನ್ನು ಒಬ್ಬನ ಕೈಗೆ ಒಪ್ಪಿಸಿದಂಥ ಕೆಲಸ. ಅಂಥವನು ಮೋಸಕ್ಕೆ ಇಳಿಯುವುದು ಹೇಗೆ ಎಂಬುದು ನಮ್ಮ ಕಥೆ. ಕೋಡ್ ಬರೆಯುವ ಮೊದಲು ರಟ್ಟಿನ ಹಾಳೆಯ ಮೇಲೆ ಗದ್ದೆಗಳನ್ನು ಬರೆದು, ನೀರಿಗೆ ಬದಲು ಹುಣಸೆ ಬೀಜ ಇಟ್ಟು, ಗೆಳೆಯರನ್ನೂ ಅಕ್ಕಪಕ್ಕದ ಮನೆಯವರನ್ನೂ ಕೂರಿಸಿ ಆಡಿಸಿದೆವು.

ಮೊದಲ ಆವೃತ್ತಿಯಲ್ಲಿ ದೊಡ್ಡ ಗದ್ದೆಯ ಪಟೇಲರು ರಾತ್ರಿ ಬಂದು ಹಣ ಕೊಟ್ಟು, ತಮ್ಮ ಕಡೆಗೆ ಹೆಚ್ಚು ನೀರು ಬಿಡು ಎನ್ನುತ್ತಿದ್ದರು. ಹಣ ತೆಗೆದುಕೊಂಡವರು ಒಬ್ಬರೇ, ಅದೂ ಹಣ ಸಿಕ್ಕರೆ ಏನಾಗುತ್ತದೆ ನೋಡಲು. ನೀರುಗಂಟಿಗೆ ಬಡತನ ಸಾಲದಾಯಿತು ಎಂದುಕೊಂಡು, ಎರಡನೆಯ ಆವೃತ್ತಿಯಲ್ಲಿ ಮಗಳಿಗೆ ಕಾಯಿಲೆ, ಆಸ್ಪತ್ರೆಯ ಸಾಲ, ಒಂದು ಪತ್ರ ಇಷ್ಟನ್ನೂ ಬರೆದೆವು. ಪತ್ರ ಓದಿದವರು ‘ಅಯ್ಯೋ ಪಾಪ’ ಎಂದರು. ಹಣ ಮಾತ್ರ ಮುಟ್ಟಲಿಲ್ಲ. ‘ಇಷ್ಟು ಕಷ್ಟ ಇದ್ದರೂ ತಗೊಳ್ಳಲಿಲ್ಲ ನೋಡಿ’ ಎಂದು ಒಬ್ಬರು ಹೆಮ್ಮೆಯಿಂದ ಹೇಳಿದರು. ನಾವು ಬರೆದ ಕಷ್ಟ ಅವರ ಒಳ್ಳೆಯತನಕ್ಕೆ ಮೆರುಗು ಕೊಡುವ ಕೆಲಸ ಮಾಡಿತ್ತು, ಅಷ್ಟೆ.

ಮೂರನೆಯ ಆವೃತ್ತಿಯಲ್ಲಿ ಪಟೇಲರ ಲಂಚವನ್ನೂ ಪತ್ರವನ್ನೂ ತೆಗೆದುಹಾಕಿದೆವು. ಬದಲಿಗೆ ಕಾಲುವೆಯ ಕೊನೆಯಲ್ಲಿ ನೀರುಗಂಟಿಗೆ ಅರ್ಧ ಎಕರೆ ಗದ್ದೆ ಕೊಟ್ಟು, ಅದರಲ್ಲಿ ಎಲ್ಲಿ ಯಾವ ಪೈರು ನಾಟಿ ಮಾಡಬೇಕೆಂಬುದನ್ನು ಮೊದಲ ದಿನ ಆಟಗಾರರೇ ತೀರ್ಮಾನಿಸುವಂತೆ ಮಾಡಿದೆವು. ಪ್ರತಿ ಬೆಳಗ್ಗೆ ಆ ಗದ್ದೆಯ ಚೀಟಿಗಳನ್ನು ತಿರುವಿ ನೋಡಬೇಕು. ನೀರು ಸಾಲದಿದ್ದರೆ ಹಸಿರು ಚೀಟಿ ಹಳದಿಯಾಗುತ್ತದೆ. ಸರದಿ ಕಟ್ಟುನಿಟ್ಟಾಗಿ ಪಾಲಿಸಿದರೆ ಕೊನೆಯ ಗದ್ದೆಗೆ ಬೀಜ ಉಳಿಯುವುದು ಅಪರೂಪ. ಮೋಸ ಮಾಡು ಎಂದು ಯಾರೂ ಬಂದು ಹೇಳುವುದಿಲ್ಲ, ಮೋಸ ಎಂಬ ಹೆಸರಿನ ಆಯ್ಕೆಯೂ ಇಲ್ಲ; ರಾತ್ರಿ ತೂಬಿನ ಬಳಿ ಇರುವುದು ಆಟಗಾರರೊಬ್ಬರೇ, ಬೀಜಗಳು ಅವರ ಅಂಗೈಯಲ್ಲಿ. ನಾಲ್ಕನೆಯ ರಾತ್ರಿ ಒಬ್ಬ ಗೆಳತಿ ಒಂದೇ ಒಂದು ಬೀಜವನ್ನು ಮೇಲಿನ ಪಟೇಲರ ಗದ್ದೆಯಿಂದ ಬೆರಳಲ್ಲಿ ಸರಿಸಿ ತನ್ನ ಗದ್ದೆಗೆ ಇಟ್ಟು, ನಾವು ಏನೂ ಕೇಳದಿದ್ದರೂ ‘ಪಟೇಲರಿಗೆ ಬೋರ್‌ವೆಲ್ ಇರುತ್ತಲ್ಲ’ ಎಂದಳು. ಆಟದಲ್ಲಿ ಬೋರ್‌ವೆಲ್ ಇರಲೇ ಇಲ್ಲ. ಅದನ್ನು ಅವಳೇ ತೋಡಿಕೊಂಡಿದ್ದಳು.

ನಾನು ಈ ದೋಷದ ಬಗ್ಗೆ ಕಲಿತದ್ದರಲ್ಲಿ ಹೆಚ್ಚಿನ ಪಾಲು ಆ ಒಂದು ಬೀಜದಿಂದ ಬಂದದ್ದು. ಸಮರ್ಥನೆಯನ್ನು ನಾವು ಬರೆದುಕೊಟ್ಟರೆ ಆಟಗಾರರು ಅದನ್ನು ತೂಗಿ ನೋಡಿ ತಳ್ಳಿಹಾಕುತ್ತಾರೆ. ಕಳೆದುಕೊಳ್ಳಲು ಅವರದೇ ಆದ ಒಂದನ್ನು ಕೊಟ್ಟು ಸುಮ್ಮನಿದ್ದರೆ ಸಮರ್ಥನೆಯನ್ನು ತಾವೇ ಕಟ್ಟಿಕೊಳ್ಳುತ್ತಾರೆ, ಮತ್ತು ತಾವು ಕಟ್ಟಿಕೊಂಡದ್ದನ್ನು ತಾವೇ ನಂಬುತ್ತಾರೆ.

ಆದ್ದರಿಂದ ಈ ದೋಷಕ್ಕೆ ಮಾಡಬೇಕಾದ ರಿಪೇರಿ ಹೀಗೆ. ಹಿನ್ನೆಲೆಯ ಕಥೆಯಲ್ಲಿರುವ ಕಾರಣವನ್ನು ಗುರುತಿಸಿ, ಅದಕ್ಕೆ ಸಾಟಿಯಾಗುವ, ಆಟಗಾರರು ಕೈಯಾರೆ ಬೆಳೆಸುವ ಅಥವಾ ದಿನವೂ ನೋಡಿಕೊಳ್ಳುವ ವಸ್ತುವೊಂದನ್ನು ಆಟದೊಳಗೆ ಹುಡುಕಿ. ಲೂಕಸ್ ಪೋಪ್ 2013ರಲ್ಲಿ ಹೊರತಂದ ‘ಪೇಪರ್ಸ್, ಪ್ಲೀಸ್’ ಇದನ್ನು ಎಷ್ಟು ಕಡಿಮೆ ಸಾಮಗ್ರಿಯಲ್ಲಿ ಸಾಧಿಸಿದೆ ಎಂಬುದು ಗಮನಿಸಬೇಕಾದ ಸಂಗತಿ. ಆರ್ಸ್ಟೊಟ್ಸ್ಕಾ ಎಂಬ ಕಾಲ್ಪನಿಕ ದೇಶದ ಗಡಿಯಲ್ಲಿ ನೀವು ದಾಖಲೆ ಪರಿಶೀಲಿಸುವ ಅಧಿಕಾರಿ. ಸರಿಯಾಗಿ ನೋಡಿ ಕಳಿಸಿದ ಪ್ರತಿಯೊಬ್ಬರಿಗೆ 5ರಂತೆ ಸಂಬಳ. ದಿನ ಮುಗಿದಾಗ ಬಾಡಿಗೆ, ಊಟ, ಬೆಂಕಿ, ಔಷಧಿಗಳ ಲೆಕ್ಕದ ಹಾಳೆಯೊಂದು ಬರುತ್ತದೆ. ಅದರಲ್ಲಿ ಹೆಂಡತಿ, ಮಗ, ಅತ್ತೆ, ಚಿಕ್ಕಪ್ಪ ಇವರ ಹೆಸರಿನ ಮುಂದೆ ಹಸಿವು, ಚಳಿ, ಕಾಯಿಲೆ ಎಂಬ ಒಂದೊಂದು ಪದ. ಈ ಮನೆಮಂದಿಯ ಕಣ್ಣೀರಿನ ದೃಶ್ಯ ಯಾವುದೂ ಇಲ್ಲ. ಆದರೂ ಅವರು ನಮ್ಮವರಾಗುತ್ತಾರೆ, ಏಕೆಂದರೆ ಇವತ್ತು ಬೆಂಕಿಗೆ ಹಣ ಇಡುವುದೋ ಊಟಕ್ಕೆ ಇಡುವುದೋ ಎಂದು ಪ್ರತಿ ರಾತ್ರಿ ತೀರ್ಮಾನಿಸಿದವರು ನಾವೇ.

ಆ ಹಾಳೆಯ ಒತ್ತಡ ಸರದಿಯ ಸಾಲಿನವರೆಗೂ ಬರುತ್ತದೆ. ಗಂಡನ ಕಾಗದಗಳು ಸರಿಯಾಗಿವೆ, ಹಿಂದೆಯೇ ಬಂದ ಹೆಂಡತಿಗೆ ಪ್ರವೇಶಪತ್ರವಿಲ್ಲ, ವಾಪಸು ಕಳಿಸಿದರೆ ತನ್ನನ್ನು ಕೊಲ್ಲುತ್ತಾರೆ ಎನ್ನುತ್ತಾಳೆ. ದಿನವೊಂದಕ್ಕೆ ಮೊದಲ ಎರಡು ತಪ್ಪುಗಳಿಗೆ ಎಚ್ಚರಿಕೆ ಮಾತ್ರ, ಮೂರನೆಯದರಿಂದ ದಂಡ. ಅಂದರೆ ಆಟವು ಪ್ರತಿದಿನ ನಿಮ್ಮ ಕೈಗೆ ಎರಡು ಕರುಣೆಗಳನ್ನು ಬಿಟ್ಟಿಯಾಗಿ ಕೊಟ್ಟು, ಮೂರನೆಯದಕ್ಕೆ ಬೆಲೆ ಕಟ್ಟುತ್ತದೆ. ಬೆಳಗ್ಗೆ ಅವಸರದಲ್ಲಿ ಮಾಡಿದ ಎರಡು ಅಜಾಗರೂಕ ತಪ್ಪುಗಳಲ್ಲಿ ಆ ಕರುಣೆ ಖರ್ಚಾಗಿ ಹೋಗಿದ್ದರೆ, ಆ ಹೆಂಗಸಿನ ಮುಂದೆ ನೀವು ಮನೆಯ ಬೆಂಕಿಯ ಲೆಕ್ಕ ಹಾಕುತ್ತಿರುತ್ತೀರಿ. ಮುಂದೆ ಕಾವಲುಗಾರನೊಬ್ಬ ಬಂದು, ಹೆಚ್ಚು ಜನರನ್ನು ಬಂಧನಕ್ಕೆ ಒಪ್ಪಿಸಿದರೆ ತನಗೆ ಸಿಗುವ ಇನಾಮಿನಲ್ಲಿ ಪಾಲು ಕೊಡುತ್ತೇನೆ ಎನ್ನುತ್ತಾನೆ. ಅಲ್ಲಿಯವರೆಗೆ ನಿರಾಕರಣೆಯ ಮುದ್ರೆ ಒತ್ತಿ ಕಳಿಸುತ್ತಿದ್ದವರನ್ನು ಅಂದಿನಿಂದ ಬಂಧಿಸಬಹುದೇ ಎಂದು ನೋಡತೊಡಗುತ್ತೀರಿ. ಕಾನೂನು ಬದಲಾಗಿಲ್ಲ, ನೋಟ ಬದಲಾಗಿದೆ.

ಬೆಲೆಯ ಲೆಕ್ಕ ತಪ್ಪಿರುವುದು

ಕಾರಣ ಸರಿಯಾದ ಕೈಯಲ್ಲಿದ್ದರೂ ಕೆಲವೊಮ್ಮೆ ಆಟಗಾರರು ಕದಲುವುದಿಲ್ಲ. ಆಗ ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. 2007ರ ‘ಬಯೋಶಾಕ್’ನಲ್ಲಿ ‘ಲಿಟಲ್ ಸಿಸ್ಟರ್’ ಎಂಬ ಪುಟ್ಟ ಹುಡುಗಿಯರನ್ನು ಬಲಿಗೊಟ್ಟರೆ ತಲಾ 160 ‘ಆಡಮ್’ ದೊರೆಯುತ್ತದೆ, ಬಿಡುಗಡೆ ಮಾಡಿದರೆ 80. ನೀರಿನಡಿಯ ಆ ಊರಿನಲ್ಲಿ ಶಕ್ತಿ ಬೆಳೆಸಿಕೊಳ್ಳುವ ನಾಣ್ಯವೇ ಆಡಮ್ ಆದ್ದರಿಂದ, ಉಳಿವಿಗೂ ಕರುಣೆಗೂ ನಡುವೆ ಜಗ್ಗಾಟ ಹುಟ್ಟಬೇಕು. ಆದರೆ ಮೂವರನ್ನು ಬಿಡುಗಡೆ ಮಾಡಿದಾಗಲೆಲ್ಲ 200 ಆಡಮ್‌ನ ಉಡುಗೊರೆ ಬರುತ್ತದೆ. ಮೂವರನ್ನು ಕೊಂದರೆ 480, ಬದುಕಿಸಿದರೆ 440, ಜೊತೆಗೆ ಬೇರೆ ಕಡೆ ಸಿಗದ ಕೆಲವು ಶಕ್ತಿಗಳು. ಮೂವರು ಮಕ್ಕಳ ಪ್ರಾಣಕ್ಕೆ ವ್ಯತ್ಯಾಸ 40. ಇದು ಗೊತ್ತಾದ ಮೇಲೆ ಕೊಲ್ಲುವುದಕ್ಕೆ ಕಾರಣವೇನೂ ಉಳಿಯುವುದಿಲ್ಲ. ಒಳ್ಳೆಯತನವೂ ಲಾಭದ ವ್ಯವಹಾರವಾಗಿ, ಎರಡೂ ಕಡೆಯ ಬಿಸಿ ಆರುತ್ತದೆ.

ಹಾಗೆಂದು ಕೆಡುಕಿನ ಬಹುಮಾನವನ್ನು ಏರಿಸುತ್ತ ಹೋಗಬೇಡಿ. ಬಹುಮಾನ ದೊಡ್ಡದಾದಷ್ಟೂ ಅದು ಲಂಚದಂತೆ ಕಾಣುತ್ತದೆ, ಮತ್ತು ಲಂಚವನ್ನು ನಿರಾಕರಿಸಿದ ಖುಷಿ ಅದಕ್ಕಿಂತ ದೊಡ್ಡ ಬಹುಮಾನ. ಒಳ್ಳೆಯದಕ್ಕೆ ನಿಜವಾದ ಬೆಲೆ ಇರುವಂತೆ ಮಾಡುವುದು, ಆ ಬೆಲೆಯನ್ನು ನಂತರದ ಉಡುಗೊರೆಯಿಂದ ಸದ್ದಿಲ್ಲದೆ ತುಂಬಿಕೊಡದಿರುವುದು, ಇವೆರಡೇ ಸಾಕು. ಕರುಣೆ ತೋರಿದವರು ಆ ರಾತ್ರಿ ಹಸಿದು ಮಲಗಬೇಕು.

ಮೆಟ್ಟಿಲು ತೀರ ಎತ್ತರವಾಗಿರುವುದು

ಎರಡನೆಯ ಲಕ್ಷಣ, ಅಂದರೆ ಮಾಡಿ ನೋಡಿ ಹಿಂದಿನ ಸೇವ್‌ಗೆ ಮರಳುವುದು, ಹೆಚ್ಚಾಗಿ ಕಂಡರೆ ಈ ದೋಷವನ್ನು ಅನುಮಾನಿಸಬೇಕು. ನೆಲದ ಮೇಲೆ ನಿಂತವರ ಮುಂದೆ ಒಮ್ಮೆಗೇ ಹತ್ಯಾಕಾಂಡದ ಆಯ್ಕೆಯನ್ನು ಇಟ್ಟಿರುತ್ತೇವೆ. ಮನುಷ್ಯರು ಅಲ್ಲಿಗೆ ತಲುಪುವುದು ಒಂದೊಂದೇ ಮೆಟ್ಟಿಲು ಇಳಿಯುತ್ತ, ಪ್ರತಿ ಮೆಟ್ಟಿಲಿನಲ್ಲೂ ಇದೊಂದೇ ಎಂದುಕೊಳ್ಳುತ್ತ.

2018ರ ‘ಫ್ರಾಸ್ಟ್‌ಪಂಕ್’ ಈ ಮೆಟ್ಟಿಲುಗಳನ್ನು ಕಾನೂನಿನ ಪುಸ್ತಕವಾಗಿಯೇ ಕಟ್ಟಿದೆ. ಹಿಮದಲ್ಲಿ ಮುಳುಗಿದ ಲೋಕದಲ್ಲಿ ಒಂದು ಕಲ್ಲಿದ್ದಲ ಯಂತ್ರದ ಸುತ್ತ ಕೂಡಿಕೊಂಡ 80 ಜನರ ಊರಿಗೆ ನೀವು ನಾಯಕರು. ಅವರಲ್ಲಿ 15 ಮಕ್ಕಳು. ಕಲ್ಲಿದ್ದಲು ಸಾಲದ ಮೊದಲ ದಿನಗಳಲ್ಲಿ, ಮಕ್ಕಳನ್ನು ಅಪಾಯವಿಲ್ಲದ ಕೆಲಸಗಳಿಗೆ ಹಚ್ಚುವ ಕಾನೂನು ಕಣ್ಣಿಗೆ ಬೀಳುತ್ತದೆ. ಅಡುಗೆಮನೆಯಲ್ಲಿ ಮಕ್ಕಳು ಕೈಜೋಡಿಸಿದರೆ ದೊಡ್ಡವರು ಗಣಿಗೆ ಹೋಗಬಹುದು, ಇದರಲ್ಲಿ ಕೆಡುಕೇನಿದೆ? ಅದಕ್ಕೆ ಸಹಿ ಹಾಕಿದ ಮೇಲೆಯೇ ಎಲ್ಲ ಕೆಲಸಗಳಿಗೂ ಮಕ್ಕಳು ಎಂಬ ಮುಂದಿನ ಪುಟ ತೆರೆಯುವುದು. ಊಟಕ್ಕೆ ಗಂಜಿ, ಆಮೇಲೆ ಹಿಟ್ಟಿಗೆ ಮರದ ಪುಡಿ. ಇಪ್ಪತ್ನಾಲ್ಕು ಗಂಟೆಯ ತುರ್ತು ಪಾಳಿ. ಊರಿನ ಮನೋಬಲ ಕುಸಿದಾಗ ಶಿಸ್ತಿನ ದಾರಿ ಅಥವಾ ಶ್ರದ್ಧೆಯ ದಾರಿ, ಎರಡರ ತುದಿಯಲ್ಲೂ ಸರ್ವಾಧಿಕಾರ. ಒಂದೊಂದು ಸಹಿಯ ಹಿಂದೆಯೂ ಆ ದಿನದ ಥರ್ಮಾಮೀಟರ್ ಇದೆ. ಕೊನೆಯ ಬಿರುಗಾಳಿಯಲ್ಲಿ ಅದು ಸೊನ್ನೆಗಿಂತ 150 ಡಿಗ್ರಿ ಕೆಳಗಿಳಿದು, ಊರು ಉಳಿದ ಮೇಲೆ, ನೀವು ಹಾಕಿದ ಸಹಿಗಳನ್ನು ನೆನಪಿಸಿ ಇದು ಬೇಕಿತ್ತೇ ಎಂದು ಆಟ ಕೇಳುತ್ತದೆ.

ನಿಮ್ಮ ಆಟದಲ್ಲಿ ಇದನ್ನು ಪರೀಕ್ಷಿಸಲು, ಅತ್ಯಂತ ಕೆಟ್ಟ ಆಯ್ಕೆಯಿಂದ ಹಿಮ್ಮುಖವಾಗಿ ನಡೆಯಿರಿ. ಅದರ ಹಿಂದಿನ ಮೆಟ್ಟಿಲು ಯಾವುದು, ಅದರ ಹಿಂದಿನದು ಯಾವುದು ಎಂದು ಬರೆಯುತ್ತ ಹೋದಾಗ, ಸಭ್ಯ ವ್ಯಕ್ತಿಯೊಬ್ಬರು ಎರಡು ಸಲ ಯೋಚಿಸದೆ ಇಡಬಹುದಾದ ಹೆಜ್ಜೆಯವರೆಗೆ ಸರಪಳಿ ಕಡಿಯದೆ ಬರಬೇಕು. ಎಲ್ಲಿ ಕಡಿಯಿತೋ ಅಲ್ಲಿ ಒಂದು ಮೆಟ್ಟಿಲು ಬರೆಯಬೇಕಾಗಿದೆ.

ಲೋಕದ ನಿಯಮವೇ ದೂಡುವ ಬಗೆ

ಇದು ದೋಷಕ್ಕಿಂತ ಹೆಚ್ಚಾಗಿ, ಕೈಗೆಟುಕಿದ್ದರೂ ಬಳಸದೆ ಬಿಟ್ಟ ಸಾಧನ. 2020ರ ‘ಕ್ರುಸೇಡರ್ ಕಿಂಗ್ಸ್ 3’ರಲ್ಲಿ ಮಧ್ಯಯುಗದ ಒಂದು ಅರಸು ಮನೆತನವನ್ನು ನಡೆಸುತ್ತೀರಿ, ಅರಸ ಸತ್ತಾಗ ವಾರಸುದಾರನಾಗಿ ಆಟ ಮುಂದುವರಿಯುತ್ತದೆ. ಆರಂಭದ ಕಾಲದ ವಾರಸಿನ ಕಾನೂನು ರಾಜ್ಯವನ್ನು ಮಕ್ಕಳಲ್ಲಿ ಪಾಲು ಮಾಡುವುದರಿಂದ, ಮೂವತ್ತು ವರ್ಷ ಕಷ್ಟಪಟ್ಟು ಕೂಡಿಸಿದ್ದು ಒಂದೇ ದಿನದಲ್ಲಿ ಹೋಳಾಗುತ್ತದೆ. ಆಸ್ತಿ ಪಾಲಿನ ಜಗಳ ಕಂಡ ಯಾವ ಮನೆಗೂ ಇದನ್ನು ವಿವರಿಸಬೇಕಾಗಿಲ್ಲ. ಒಮ್ಮೆ ಆ ಹೋಳು ಕಂಡವರು ಮುಂದಿನ ತಲೆಮಾರಿನಲ್ಲಿ ಎರಡನೆಯ ಮಗ ಹುಟ್ಟಿದ ಸುದ್ದಿ ಬಂದಾಗ ಸಂತೋಷಪಡುವುದಿಲ್ಲ. ಅವನನ್ನು ಸನ್ಯಾಸಕ್ಕೆ ಕಳಿಸಲು, ಹಕ್ಕಿನಿಂದ ಹೊರಗಿಡಲು, ಕೊನೆಗೆ ಕೊಲ್ಲಿಸಲು ಯೋಚಿಸುತ್ತಾರೆ, ಅದೂ ಕಥೆಯ ಒಂದು ಸಾಲನ್ನೂ ಓದದೆ. ಆ ಅರಸನಿಗೆ ಕರುಣೆಯ ಸ್ವಭಾವವಿದ್ದರೆ ಕೊಲೆ ಅವನ ಮನಸ್ಸಿನ ಒತ್ತಡವನ್ನು ಏರಿಸುತ್ತದೆ ಎಂಬ ನಿಯಮವೂ ಇರುವುದರಿಂದ, ಪಾತ್ರದ ಸ್ವಭಾವಕ್ಕೂ ಆಟಗಾರರ ಲೆಕ್ಕಾಚಾರಕ್ಕೂ ತಿಕ್ಕಾಟ ಹುಟ್ಟುತ್ತದೆ. ಕಥೆ ಬರೆಯುವವರು ನಿಯಮ ಬರೆಯುವವರ ಪಕ್ಕ ಕುಳಿತು ಕೆಲಸ ಮಾಡದ ತಂಡಗಳಲ್ಲಿ ಇಂಥದ್ದು ಹುಟ್ಟುವುದು ಕಷ್ಟ.

ಚಿಕ್ಕ ದೋಷಗಳು

ಒಳ್ಳೆಯತನ ಕೆಟ್ಟತನಗಳನ್ನು ಅಳೆದು ಬಣ್ಣದಲ್ಲಿ ತೋರಿಸುವ ಮೀಟರ್ ಇದ್ದರೆ ಅದನ್ನು ಒಂದು ವಾರ ಮರೆಮಾಡಿ ಪರೀಕ್ಷಿಸಿ. ಆಯ್ಕೆಯ ಪಕ್ಕದಲ್ಲೇ ಕೆಂಪು ಬಣ್ಣ ಕಂಡರೆ ಆಟಗಾರರು ಎದುರಿಗಿರುವ ಮನುಷ್ಯನನ್ನು ನೋಡದೆ ಬಣ್ಣವನ್ನು ನೋಡುತ್ತಾರೆ, ಮತ್ತು ಒಂದು ಬಣ್ಣವನ್ನು ತುದಿಯವರೆಗೆ ತುಂಬಿದರೆ ಮಾತ್ರ ಶಕ್ತಿ ಸಿಗುವಂತಿದ್ದರೆ ಮೊದಲ ಆಯ್ಕೆಯ ನಂತರ ಯೋಚಿಸುವುದನ್ನೇ ಬಿಡುತ್ತಾರೆ. ಕೇಡಿನ ಸಾಮ್ರಾಜ್ಯ ಈಗಾಗಲೇ ಗೆದ್ದ ಲೋಕದಲ್ಲಿ ಅದರ ಅಧಿಕಾರಿಯಾಗಿ ಆಡುವ 2016ರ ‘ಟಿರನಿ’ ಈ ಮೀಟರನ್ನು ಕೈಬಿಟ್ಟು, ಪ್ರತಿ ಬಣಕ್ಕೂ ನಿಮ್ಮ ಮೇಲೆ ಎಷ್ಟು ಮೆಚ್ಚುಗೆ, ಎಷ್ಟು ಸಿಟ್ಟು, ಪ್ರತಿ ಜೊತೆಗಾರರಿಗೂ ಎಷ್ಟು ನಿಷ್ಠೆ, ಎಷ್ಟು ಭಯ ಎಂಬುದನ್ನು ಬೇರೆ ಬೇರೆಯಾಗಿ ಎಣಿಸುತ್ತದೆ. ನಿಷ್ಠೆಯೂ ಭಯವೂ ಒಟ್ಟಿಗೇ ಏರಬಲ್ಲವು ಎಂಬುದು ಬಣ್ಣದ ಪಟ್ಟಿಗಿಂತ ಎಷ್ಟೋ ಸತ್ಯ.

ಕೆಟ್ಟ ದಾರಿ ಬರಿದಾಗಿದ್ದರೂ ಆಟಗಾರರು ಹಿಂದಿರುಗುತ್ತಾರೆ. 2023ರ ‘ಬಾಲ್ಡರ್ಸ್ ಗೇಟ್ 3’ರಲ್ಲಿ ನಿರಾಶ್ರಿತರಿರುವ ತೋಪಿನ ಮೇಲೆ ದಾಳಿ ಮಾಡುವವರ ಪಕ್ಷ ವಹಿಸಿದರೆ ವಿಲ್, ಕಾರ್ಲಾಕ್ ಎಂಬ ಇಬ್ಬರು ಜೊತೆಗಾರರು ಕೈತಪ್ಪುತ್ತಾರೆ, ಸತ್ತವರ ಜೊತೆಗೆ ಅವರ ಮುಂದಿನ ಕಥೆಗಳೂ ಸಾಯುತ್ತವೆ. ನ್ಯಾಯವಾದ ಪರಿಣಾಮವೇ, ಆದರೆ ಆಟಗಾರರ ಕಣ್ಣಿಗೆ ಒಳ್ಳೆಯ ದಾರಿ ತುಂಬಿದ ಮನೆಯಾಗಿಯೂ ಕೆಟ್ಟ ದಾರಿ ಖಾಲಿ ಮನೆಯಾಗಿಯೂ ಕಾಣುತ್ತದೆ. ತಂಡವು 2024ರ ಸೆಪ್ಟೆಂಬರಿನ ಏಳನೆಯ ಪ್ಯಾಚ್‌ನಲ್ಲಿ (ಬಿಡುಗಡೆಯಾದ ಆಟಕ್ಕೆ ಮಾಡುವ ಪರಿಷ್ಕರಣೆ) ಕೆಡುಕಿನ ದಾರಿಗೆ ಹೊಸ ಅಂತ್ಯಗಳನ್ನು ಸೇರಿಸಿತು. ಒಬ್ಬರು ಹೊರಟುಹೋದ ಜಾಗಕ್ಕೆ ಕೆಡುಕಿನ ಕಾರಣದಿಂದಲೇ ಹತ್ತಿರವಾಗುವ ಇನ್ನೊಬ್ಬರು ಬರಬೇಕು.

ಇನ್ನು ನಾಲ್ಕನೆಯ ಲಕ್ಷಣ. 2012ರ ‘ಸ್ಪೆಕ್ ಆಪ್ಸ್: ದಿ ಲೈನ್’ನಲ್ಲಿ ಬಿಳಿ ರಂಜಕವನ್ನು ಹಾರಿಸದೆ ಮುಂದೆ ಹೋಗಲು ಬರುವುದಿಲ್ಲ, ಹಾರಿಸಿದ ಮೇಲೆ ಸತ್ತ ನಾಗರಿಕರನ್ನು ತೋರಿಸಲಾಗುತ್ತದೆ. ಆಟಗಾರರಲ್ಲಿ ಹಲವರು ಅದರಿಂದ ಅಲುಗಾಡಿಹೋದರು, ಹಲವರು ಬೇರೆ ಗುಂಡಿ ಎಲ್ಲಿತ್ತು ಎಂದು ಸಿಟ್ಟಾದರು, ಮತ್ತು ಆ ಸಿಟ್ಟು ನನಗೆ ಸಕಾರಣವಾಗಿ ಕಾಣುತ್ತದೆ. ಆಯ್ಕೆಯೇ ಇಲ್ಲದ ‘ಶ್ಯಾಡೋ ಆಫ್ ದಿ ಕೊಲೊಸಸ್’ 2005ರಲ್ಲಿ ಅಂಥ ಸಿಟ್ಟಿಗೆ ಎಡೆಗೊಡದೆ ಅದೇ ಕೆಲಸ ಮಾಡಿತ್ತು. ಸತ್ತ ಹುಡುಗಿಯನ್ನು ಬದುಕಿಸಬೇಕೆಂಬ ಬಯಕೆಯನ್ನು ಅದು ಮೊದಲೇ ನಮ್ಮ ಕೈಗೆ ಕೊಟ್ಟು, 16 ದೈತ್ಯರನ್ನು ಕೊಲ್ಲಬೇಕೆಂದೂ, ಬೆಲೆ ದೊಡ್ಡದಿರಬಹುದೆಂದೂ ಮುಂಚೆಯೇ ಎಚ್ಚರಿಸುತ್ತದೆ. ಒಬ್ಬೊಬ್ಬ ದೈತ್ಯ ಬಿದ್ದಾಗಲೂ ನಾಯಕನ ಮೈ ಕಪ್ಪಿಡುತ್ತ ಹೋಗುತ್ತದೆ. ಕೈತಡೆಯಲು ಹೊತ್ತು ಕೊಟ್ಟ ಆಟವನ್ನು ದೂರುವುದು ಸುಲಭವಲ್ಲ.

ರಿಪೇರಿಯ ನಂತರದ ಪರೀಕ್ಷೆ

ಬದಲಾವಣೆಗಳನ್ನು ಮಾಡಿದ ಮೇಲೆ, ಹಳೆಯ ಪರೀಕ್ಷಕರನ್ನು ಬಿಟ್ಟು ಹೊಸಬರನ್ನು ಕೂರಿಸಿ, ಅದೇ ಒಂದು ಪ್ರಶ್ನೆ ಕೇಳಿ ಕ್ರಿಯಾಪದಗಳನ್ನು ಬರೆದುಕೊಳ್ಳಿ. ಕೆಟ್ಟದ್ದನ್ನು ಆರಿಸಿದವರ ಸಂಖ್ಯೆ ಹೆಚ್ಚಿತೇ ಎಂಬುದಕ್ಕಿಂತ ಮೂರು ಗುರುತುಗಳನ್ನು ಹುಡುಕಬೇಕು: ಆರಿಸುವ ಮುಂಚೆ ತಡವರಿಸಿದರೇ, ನಾವು ಬರೆಯದ ಸಮರ್ಥನೆಯನ್ನು ತಾವೇ ಹೇಳಿದರೇ, ಮಾಡಿದ ಮೇಲೆ ಅದನ್ನು ಸರಿದೂಗಿಸಲು ದಾರಿ ಹುಡುಕಿದರೇ. ಮೂರನೆಯದು ನಮಗೆ ಅನಿರೀಕ್ಷಿತವಾಗಿ ಸಿಕ್ಕ ಗುರುತು.

ನೀರುಗಂಟಿಯ ಮೂರನೆಯ ಆವೃತ್ತಿಯನ್ನು ನಿವೃತ್ತ ಶಾಲಾ ಮೇಷ್ಟ್ರೊಬ್ಬರು ಆಡಿದರು. ಆರನೆಯ ರಾತ್ರಿ ಅವರು ನಡುವಿನ ಗದ್ದೆಯಿಂದ ಎರಡು ಬೀಜ ತೆಗೆದು ತಮ್ಮ ಗದ್ದೆಗೆ ಇಟ್ಟರು. ಆ ನಡುವಿನ ಗದ್ದೆ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳದು ಎಂದು ಚೀಟಿಯಲ್ಲಿ ಬರೆದಿತ್ತು. ಸ್ವಲ್ಪ ಹೊತ್ತು ಹಾಳೆಯನ್ನೇ ನೋಡುತ್ತ ಕುಳಿತಿದ್ದು, ‘ನಾಳೆ ಮೊದಲ ಸರದಿ ಆಯಮ್ಮನಿಗೆ ಕೊಡಬಹುದಾ?’ ಎಂದು ಕೇಳಿದರು. ಸರದಿ ಬದಲಿಸುವ ಅವಕಾಶ ನಮ್ಮ ನಿಯಮಗಳಲ್ಲಿ ಇರಲಿಲ್ಲ. ಆ ವಾರವೇ ಸೇರಿಸಿದೆವು, ಹಾಗೆ ಮೊದಲ ಸರದಿ ಪಡೆದವಳು ಅದು ಏಕೆಂದು ಕೇಳಲು ತೂಬಿನ ಬಳಿಗೆ ಬರುವಂತೆಯೂ ಬರೆದೆವು.